ಬ್ರೌಸರಿನಲ್ಲೇ ಸರ್ವರ್ ಟರ್ಮಿನಲ್: ಮೊದಲು ಗೇಟು, ಆಮೇಲೆ ಬಾಗಿಲು

ಸಾಗರದಲ್ಲಿರುವ ನನ್ನ ಚಿಕ್ಕಪ್ಪನ ಮಗ ಅಡಿಕೆ ಧಾರಣೆ ತೋರಿಸುವ ಒಂದು ಪುಟ್ಟ ವೆಬ್‌ಸೈಟ್ ನಡೆಸುತ್ತಾನೆ. ತಿಂಗಳ ಬಾಡಿಗೆಯ ಒಂದು ಉಬುಂಟು ಸರ್ವರ್, ಅದರೊಳಗೊಂದು ಡೇಟಾಬೇಸ್, ಅಷ್ಟೇ. ಮನೆಯಲ್ಲಿದ್ದರೆ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮಾಡಿ, ಅಂದರೆ ಟರ್ಮಿನಲ್ ಎಂಬ ಪರದೆಯಿಂದ ದೂರದ ಸರ್ವರಿಗೆ ಕಮಾಂಡ್ ಕೊಟ್ಟು, ಕೆಲಸ ಮುಗಿಸುತ್ತಾನೆ. ತಾಪತ್ರಯ ಶುರುವಾಗುವುದು ಅವನು ಪಾಠ ಮಾಡುವ ಕಾಲೇಜಿನಲ್ಲಿ. ಅಲ್ಲಿನ ನೆಟ್‌ವರ್ಕಿನಲ್ಲಿ ಎಸ್‌ಎಸ್‌ಎಚ್‌ನ 22ನೇ ಪೋರ್ಟ್ (ಸಂಪರ್ಕ ಹಾದುಹೋಗುವ ನಂಬರಿನ ಬಾಗಿಲು) ಬಂದ್. ವೆಬ್ ಪುಟಗಳು ಓಡಾಡುವ 443 ಮಾತ್ರ ಮುಕ್ತ. ಒಂದು ದಿನ ಫೋನ್ ಮಾಡಿ, "ಅಣ್ಣಾ, ಬ್ರೌಸರ್‌ನಲ್ಲೇ ಟರ್ಮಿನಲ್ ತೆಗಿಯೋಕೆ ಆಗಲ್ವಾ?" ಅಂದ.

ಆಗುತ್ತದೆ. ಎರಡು ಸಂಜೆ ಫೋನಿನಲ್ಲೇ ಹೇಳಿಕೊಟ್ಟು ಮುಗಿಸಿದೆವು. ಇಲ್ಲಿನ ಕಮಾಂಡ್‌ಗಳನ್ನೂ ಹಾಗೇ, ಬಾಯಲ್ಲಿ ಹೇಳಿದಂತೆ ಬರೆದಿದ್ದೇನೆ. ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ: ನಿಮಗೆ ಇದು ನಿಜಕ್ಕೂ ಬೇಕಾ? ನಿಮ್ಮದೇ ಲ್ಯಾಪ್‌ಟಾಪ್ ಇದ್ದು 22ನೇ ಪೋರ್ಟ್ ತೆರೆದಿದ್ದರೆ ಬೇಡ, ಎಸ್‌ಎಸ್‌ಎಚ್ ಕೀ ಇಟ್ಟುಕೊಂಡು ಆರಾಮಾಗಿರಿ. ಸರ್ವರ್ ಇರುವುದು ಗೂಗಲ್ ಕ್ಲೌಡಿನಲ್ಲಾದರೆ ಅವರ ಪುಟದಲ್ಲೇ ಎಸ್‌ಎಸ್‌ಎಚ್ ಅನ್ನುವ ಬಟನ್ ಇದೆ. ಅಮೆಜಾನ್‌ನಲ್ಲಾದರೆ ಸೆಷನ್ ಮ್ಯಾನೇಜರ್ ಇದೆ. ಅದಕ್ಕಂತೂ ಸರ್ವರಿನಲ್ಲಿ ಹೊರಗಿನಿಂದ ಬರುವ ಒಂದು ಪೋರ್ಟೂ ತೆರೆಯಬೇಕಿಲ್ಲ. ಇರುವುದನ್ನು ಬಿಟ್ಟು ಹೊಸದು ಕಟ್ಟುವ ಅಗತ್ಯವಿಲ್ಲ. ಇನ್ನೊಂದು ಮಾತು. ಆಫೀಸು, ಕಾಲೇಜಿನ ನೆಟ್‌ವರ್ಕಿನಿಂದ ಬಳಸುವವರು ಅಲ್ಲಿ ನೋಡಿಕೊಳ್ಳುವವರನ್ನು ಒಂದು ಮಾತು ಕೇಳಿಬಿಡಿ. ನನ್ನ ತಮ್ಮ ಕೇಳಿದ, ಅವರು "ಆಯ್ತು ಸರ್, ಮಾಡ್ಕೊಳ್ಳಿ" ಅಂದರು. ಕೇಳದೆ ಮಾಡಿ ಸಿಕ್ಕಿಬಿದ್ದರೆ ವಿವರಣೆ ಕೊಡುವುದು ಕಷ್ಟ.

ಒಳಗೆ ಏನು ನಡೆಯುತ್ತದೆ

ಬ್ರೌಸರಿನಲ್ಲಿ ಕಾಣುವ ಕಪ್ಪು ಪರದೆ ಎಕ್ಸ್‌ಟರ್ಮ್.ಜೆಎಸ್ ಅನ್ನುವ ಜಾವಾಸ್ಕ್ರಿಪ್ಟ್ ಬರೆದ ಚಿತ್ರ. ವಿಎಸ್ ಕೋಡ್ ಒಳಗಿನ ಟರ್ಮಿನಲ್ ಕೂಡ ಇದೇ. ನೀವು ಒತ್ತಿದ ಪ್ರತಿ ಕೀ ವೆಬ್‌ಸಾಕೆಟ್ ಎಂಬ ಕೊಳವೆಯಲ್ಲಿ ಸರ್ವರಿಗೆ ಹೋಗುತ್ತದೆ. 2011ರಲ್ಲಿ ವೆಬ್‌ಸಾಕೆಟ್ ಸ್ಟ್ಯಾಂಡರ್ಡ್ ಆಗುವ ಮುಂಚೆ ಇಂಥ ಟರ್ಮಿನಲ್‌ಗಳು "ಹೊಸದೇನಾದ್ರೂ ಇದ್ಯಾ, ಇದ್ಯಾ" ಅಂತ ಸರ್ವರನ್ನು ಕೇಳುತ್ತಲೇ ಇರಬೇಕಿತ್ತು. ಕೊಳವೆಯ ಆ ತುದಿಯಲ್ಲಿ ಒಂದು ಚಿಕ್ಕ ಪ್ರೋಗ್ರಾಮ್ ಕೂತಿರುತ್ತದೆ. ಬಂದ ಅಕ್ಷರಗಳನ್ನು ಅದು ಶೆಲ್‌ಗೆ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಮಿಗೆ) ಕೊಡುತ್ತದೆ, ಶೆಲ್ ಹೇಳಿದ್ದನ್ನು ವಾಪಸ್ ಕಳಿಸುತ್ತದೆ. ನಾವು ಬಳಸುವ ಪ್ರೋಗ್ರಾಮಿನ ಹೆಸರು ಟಿಟಿವೈಡಿ. ಟಿ, ಟಿ, ವೈ, ಡಿ, ನಾಲ್ಕೇ ಅಕ್ಷರ. ಟಿಟಿವೈ ಅಂದರೆ ಹಳೇ ಕಾಲದ ಟೆಲಿಟೈಪ್ ಯಂತ್ರ. ಯಂತ್ರ ಹೋದರೂ ಲಿನಕ್ಸಿನಲ್ಲಿ ಹೆಸರು ಉಳಿಯಿತು.

ಟಿಟಿವೈಡಿ ಓಡಿಸಲು ಎರಡು ನಿಮಿಷ ಸಾಕು. ಅಪಾಯ ಇರುವುದೂ ಅಲ್ಲೇ. ನಾನು ಮೊದಲ ಸಲ ಮಾಡಿದಾಗ "ಸುಮ್ನೆ ಟೆಸ್ಟ್ ಅಲ್ವಾ" ಅಂತ ಪಾಸ್‌ವರ್ಡೇ ಇಲ್ಲದೆ ಒಂದು ಟೆಸ್ಟ್ ಸರ್ವರಿನಲ್ಲಿ ತೆರೆದು, ಆಫ್ ಮಾಡುವುದನ್ನು ಮರೆತು ಮಲಗಿದೆ. ಬೆಳಗ್ಗೆ ಟಾಪ್ (ಏನೇನು ಓಡುತ್ತಿದೆ ಅಂತ ತೋರಿಸುವ ಕಮಾಂಡ್) ಹಾಕಿ ನೋಡಿದರೆ ಹೆಸರೇ ಕೇಳಿರದ ಒಂದು ಪ್ರೋಗ್ರಾಮ್ 100 ಪರ್ಸೆಂಟ್ ಸಿಪಿಯು ತಿನ್ನುತ್ತಾ ಕೂತಿತ್ತು. ಯಾರೋ ಬಂದು ಕ್ರಿಪ್ಟೊ ಮೈನರ್ (ಡಿಜಿಟಲ್ ನಾಣ್ಯ ಗಳಿಸುವ ಪ್ರೋಗ್ರಾಮ್) ಹಾಕಿ ಹೋಗಿದ್ದರು. ಸರ್ವರನ್ನೇ ಅಳಿಸಿ ಹೊಸದಾಗಿ ಮಾಡಬೇಕಾಯಿತು. "ನನ್ನ ಐಪಿ ಯಾರಿಗೆ ಗೊತ್ತಿರುತ್ತೆ" ಅನ್ನಬೇಡಿ. 2013ರಲ್ಲೇ ಮಿಶಿಗನ್ ವಿಶ್ವವಿದ್ಯಾಲಯದವರು ಜೆಡ್‌ಮ್ಯಾಪ್ ಎಂಬ ಪ್ರೋಗ್ರಾಮ್ ಬರೆದು, ಇಡೀ ಐಪಿವಿ4 ಇಂಟರ್ನೆಟ್ಟಿನಲ್ಲಿ ಒಂದು ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಅಂತ 45 ನಿಮಿಷದೊಳಗೆ ನೋಡಿ ಮುಗಿಸಬಹುದು ಎಂದು ತೋರಿಸಿದ್ದರು.

ಅದಕ್ಕೇ ಈಗ ನಾನು ಕೆಲಸವನ್ನು ತಿರುಗಾಮುರುಗಾ ಮಾಡುತ್ತೇನೆ. ಮೊದಲು ಬೀಗ ಇರುವ ಗೇಟು ನಿಲ್ಲಿಸಿ, ಅದು ಸರಿಯಾಗಿ ಮುಚ್ಚುತ್ತದೆ ಅಂತ ನೋಡಿ, ಆಮೇಲೆ ಒಳಗೆ ಟರ್ಮಿನಲ್ ಇಡುವುದು.

1. ಹೆಸರು ಮತ್ತು ಫೈರ್‌ವಾಲ್

ಈಗ ತೆರೆದಿರುವ ಎಸ್‌ಎಸ್‌ಎಚ್ ವಿಂಡೋವನ್ನು ಎಲ್ಲ ಮುಗಿಯುವ ತನಕ ಮುಚ್ಚಬೇಡಿ. ಏನಾದರೂ ಕೆಟ್ಟರೆ ಒಳಗೆ ಹೋಗಲು ಇರುವ ಸುಲಭದ ದಾರಿ ಅದೇ.

ನಿಮ್ಮ ಡೊಮೇನಿನ ಡಿಎನ್‌ಎಸ್ ಪುಟದಲ್ಲಿ ಒಂದು ಸಬ್‌ಡೊಮೇನ್ ಮಾಡಿ. ಎ ರೆಕಾರ್ಡ್ (ಹೆಸರನ್ನು ಐಪಿಗೆ ಜೋಡಿಸುವ ಸಾಲು) ಸೇರಿಸಿ, ಸರ್ವರಿನ ಐಪಿ ಕೊಡಿ. ಸ್ವಂತ ಡೊಮೇನ್ ಇಲ್ಲದವರಿಗೆ ಡಕ್‌ಡಿಎನ್‌ಎಸ್ ಪುಕ್ಕಟೆ ಹೆಸರು ಕೊಡುತ್ತದೆ. ಯಾರೂ ಊಹಿಸದ ಹೆಸರಿಟ್ಟರೆ ಗುಟ್ಟಾಗಿರುತ್ತದೆ ಅಂದುಕೊಳ್ಳಬೇಡಿ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತೆಗೆದುಕೊಂಡ ಕೂಡಲೇ ಆ ಹೆಸರು ಎಲ್ಲರಿಗೂ ಕಾಣುವ ಸರ್ಟಿಫಿಕೇಟ್ ಲಾಗ್‌ಗಳಿಗೆ ಸೇರುತ್ತದೆ. ಅದನ್ನೇ ಕಾಯುತ್ತಾ ಕೂತ ಬಾಟ್‌ಗಳು ಬಹಳ ಇವೆ.

ಫೈರ್‌ವಾಲ್‌ನಲ್ಲಿ 80 ಮತ್ತು 443 ತೆರೆಯಿರಿ. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯೂ ಬಳಸುತ್ತಿದ್ದರೆ:

ಸುಡೋ ಯುಎಫ್‌ಡಬ್ಲ್ಯೂ ಅಲೋ 80
ಸುಡೋ ಯುಎಫ್‌ಡಬ್ಲ್ಯೂ ಅಲೋ 443

ಸರ್ವರ್ ಕೊಟ್ಟ ಕಂಪನಿಯ ಪುಟದಲ್ಲೂ ಇನ್ನೊಂದು ಫೈರ್‌ವಾಲ್ ಇರುತ್ತದೆ. ಅಲ್ಲೂ ಈ ಎರಡನ್ನು ತೆರೆಯಿರಿ. ಒಂದು ಕಡೆ ತೆರೆದು ಇನ್ನೊಂದು ಕಡೆ ಮರೆತು ಅರ್ಧ ಗಂಟೆ ತಲೆ ಕೆರೆದುಕೊಳ್ಳುವುದು ಎಲ್ಲರಿಗೂ ಆಗುವಂಥದ್ದೇ. ಟಿಟಿವೈಡಿಯ ಪೋರ್ಟ್ 7681. ಅದನ್ನು ಮಾತ್ರ ಎಲ್ಲೂ ತೆರೆಯಬೇಡಿ.

2. ಗೇಟು

ಇದಕ್ಕೆ ಕ್ಯಾಡಿ ಎಂಬ ವೆಬ್ ಸರ್ವರ್. ಎಂಜಿನ್‌ಎಕ್ಸ್‌ನಲ್ಲೂ ಆಗುತ್ತದೆ, ಆದರೆ ವೆಬ್‌ಸಾಕೆಟ್ ದಾಟಿಸಲು ಅಲ್ಲಿ ಬೇರೆ ಸಾಲುಗಳು ಬೇಕು, ಸರ್ಟಿಫಿಕೇಟಿಗೆ ಬೇರೆ ಏರ್ಪಾಡು ಬೇಕು. ಕ್ಯಾಡಿ ಎರಡನ್ನೂ ತಾನೇ ನೋಡಿಕೊಳ್ಳುತ್ತದೆ. ಫೋನಿನಲ್ಲಿ ಹೇಳಿಕೊಡುವವನಿಗೆ ಅದಕ್ಕಿಂತ ಪುಣ್ಯ ಬೇಕಾ?

ಸುಡೋ ಆಪ್ಟ್ ಇನ್‌ಸ್ಟಾಲ್ ಕ್ಯಾಡಿ

ಆಮೇಲೆ ಗೇಟಿನ ಪಾಸ್‌ವರ್ಡ್. ಕ್ಯಾಡಿ ಪಾಸ್‌ವರ್ಡನ್ನು ಇದ್ದ ಹಾಗೇ ಬರೆದಿಡುವುದಿಲ್ಲ, ಕಲಸಿದ ರೂಪ ಕೇಳುತ್ತದೆ:

ಕ್ಯಾಡಿ ಹ್ಯಾಶ್-ಪಾಸ್‌ವರ್ಡ್

ಪಾಸ್‌ವರ್ಡ್ ಕೊಟ್ಟರೆ ಡಾಲರ್ ಗುರುತಿನಿಂದ ಶುರುವಾಗುವ ಉದ್ದ ಸಾಲೊಂದು ಬರುತ್ತದೆ. ಅದನ್ನು ಕಾಪಿ ಮಾಡಿ. ಈಗ /ಇಟಿಸಿ/ಕ್ಯಾಡಿ ಫೋಲ್ಡರಿನ ಕ್ಯಾಡಿಫೈಲ್ ತೆರೆಯಿರಿ. ಫೈಲಿನ ಹೆಸರಿನಲ್ಲಿ ಮೊದಲ ಸಿ ದೊಡ್ಡಕ್ಷರ. ಒಳಗಿರುವುದನ್ನೆಲ್ಲ ಅಳಿಸಿ ಇಷ್ಟು ಹಾಕಿ:

ಟರ್ಮ್.ನಿಮ್ಮಡೊಮೇನ್.ಇನ್ {
    ಬೇಸಿಕ್‌ಆತ್ {
        ನಿಮ್ಮಹೆಸರು ಆ-ಉದ್ದ-ಸಾಲು
    }
    ರೆಸ್ಪಾಂಡ್ "ಹಲೋ"
}

ಒಂದು ಸಣ್ಣ ಗುಂಡಿ ಇದೆ ಇಲ್ಲಿ. ಕ್ಯಾಡಿ 2.8ರಿಂದ ಬೇಸಿಕ್ ಮತ್ತು ಆತ್ ನಡುವೆ ಅಂಡರ್‌ಸ್ಕೋರ್ ಹಾಕುವುದು ಸರಿಯಾದ ರೂಪ. ಅದಕ್ಕಿಂತ ಹಳೆಯದರಲ್ಲಿ ಹಾಕಬಾರದು, ಎರಡೂ ಪದ ಕೂಡಿಯೇ ಇರಬೇಕು. ಡೆಬಿಯನ್ 12ರ ಜೊತೆ ಬರುವುದು ಹಳೆಯದು. ನಿಮ್ಮದು ಯಾವುದು ಅಂತ ಕ್ಯಾಡಿ ವರ್ಷನ್ ಅಂತ ಹೊಡೆದು ನೋಡಿಕೊಳ್ಳಿ.

ಸುಡೋ ಸಿಸ್ಟಮ್‌ಸಿಟಿಎಲ್ ರಿಲೋಡ್ ಕ್ಯಾಡಿ

ಈಗ ಬ್ರೌಸರಿನಲ್ಲಿ ಆ ಹೆಸರು ತೆರೆಯಿರಿ. ಬೀಗದ ಗುರುತು ಬರಬೇಕು, ಹೆಸರು ಪಾಸ್‌ವರ್ಡ್ ಕೇಳಬೇಕು, ಕೊಟ್ಟರೆ "ಹಲೋ" ಕಾಣಬೇಕು. ತಪ್ಪು ಪಾಸ್‌ವರ್ಡ್ ಕೊಟ್ಟೂ ಒಂದು ಸಲ ನೋಡಿ. ಬಿಡಲಿಲ್ಲ ತಾನೇ? ಗೇಟು ಗಟ್ಟಿ. ಸರ್ಟಿಫಿಕೇಟೇ ಬರದಿದ್ದರೆ ಮುಕ್ಕಾಲು ಪಾಲು 80, 443ನೇ ಪೋರ್ಟ್‌ಗಳು ಮುಚ್ಚಿರುತ್ತವೆ, ಇಲ್ಲವೇ ಡಿಎನ್‌ಎಸ್ ಇನ್ನೂ ಹಬ್ಬಿರುವುದಿಲ್ಲ.

3. ಒಳಗಿನ ಬಾಗಿಲು

ಸುಡೋ ಆಪ್ಟ್ ಇನ್‌ಸ್ಟಾಲ್ ಟಿಟಿವೈಡಿ

ಡೆಬಿಯನ್, ಉಬುಂಟು ಪ್ಯಾಕೇಜಿನ ಜೊತೆ ಸರ್ವೀಸ್ ಕೂಡ ಬರುತ್ತದೆ. ಅದರ ಆಯ್ಕೆಗಳು /ಇಟಿಸಿ/ಡೀಫಾಲ್ಟ್/ಟಿಟಿವೈಡಿ ಎಂಬ ಫೈಲಿನಲ್ಲಿವೆ. ಅದನ್ನು ತೆರೆದು, ಕೋಟ್ ಗುರುತಿನ ಒಳಗೆ ಹೀಗೆ ಇರುವಂತೆ ಮಾಡಿ:

-ಐ ಲೋ -ಪಿ 7681 -ಓ -ಡಬ್ಲ್ಯೂ ಲಾಗಿನ್

ಈ ಒಂದು ಸಾಲಿನ ಮೇಲೆ ಎಲ್ಲ ನಿಂತಿದೆ. ಬಿಡಿಸಿ ಹೇಳುತ್ತೇನೆ.

"ಐ ಲೋ" ಅಂದರೆ ಸರ್ವರಿನ ಒಳಗಿನವರಿಗೆ ಮಾತ್ರ ಉತ್ತರಿಸು ಅಂತ. ಎಲ್, ಓ. ಒಂದು, ಸೊನ್ನೆ ಅಲ್ಲ. ಆಮೇಲಿನ ಓ ದೊಡ್ಡಕ್ಷರ. ಅದಿದ್ದರೆ ಬೇರೆ ಯಾವುದೋ ವೆಬ್ ಪುಟ ನಿಮ್ಮ ಬ್ರೌಸರನ್ನು ಬಳಸಿಕೊಂಡು ಕದ್ದು ಟರ್ಮಿನಲ್‌ಗೆ ಬರಲಾಗದು. ಸಣ್ಣಕ್ಷರದ ಓ ಹಾಕಿದರೆ ಅರ್ಥವೇ ಬೇರೆ: ಒಬ್ಬರಿಗೆ ಒಂದೇ ಸಲ ಬಾಗಿಲು ತೆಗೆದು, ಅವರು ಹೋದ ಕೂಡಲೇ ಟಿಟಿವೈಡಿ ನಿಂತೇಹೋಗುತ್ತದೆ. ಡಬ್ಲ್ಯೂ ಕೂಡ ದೊಡ್ಡಕ್ಷರ. ಹೊಸ ಟಿಟಿವೈಡಿಯಲ್ಲಿ ಇದನ್ನು ಹಾಕದಿದ್ದರೆ ಪರದೆ ಕಾಣುತ್ತದೆ, ಟೈಪ್ ಮಾಡಿದ್ದು ಮಾತ್ರ ಬೀಳುವುದಿಲ್ಲ. ಹಳೇ ಆವೃತ್ತಿಗೆ ಈ ಆಯ್ಕೆಯೇ ಗೊತ್ತಿಲ್ಲ. "ಇದೇನು" ಅಂತ ತಕರಾರು ತೆಗೆದರೆ ಅಳಿಸಿಬಿಡಿ. ಕೊನೆಯ ಲಾಗಿನ್ ಎಂದರೆ ನೇರ ಶೆಲ್ ಕೊಡಬೇಡ, ಲಿನಕ್ಸಿನ ಹೆಸರು ಪಾಸ್‌ವರ್ಡ್ ಕೇಳು ಅಂತ. ಗೇಟಿನದೊಂದು ಬೀಗ, ಇದು ಎರಡನೆಯದು.

ಸುಡೋ ಸಿಸ್ಟಮ್‌ಸಿಟಿಎಲ್ ರಿಸ್ಟಾರ್ಟ್ ಟಿಟಿವೈಡಿ
ಸುಡೋ ಎಸ್‌ಎಸ್ -ಟಿಎಲ್‌ಎನ್‌ಪಿ

ಎರಡನೇ ಕಮಾಂಡ್ ಯಾವ ಪೋರ್ಟ್ ಯಾರಿಗೆ ತೆರೆದಿದೆ ಅಂತ ತೋರಿಸುತ್ತದೆ. ಟಿಟಿವೈಡಿಯ ಸಾಲಿನಲ್ಲಿ 127.0.0.1:7681 ಅಂತ ಇರಬೇಕು. 0.0.0.0:7681 ಅಂತಲೋ, ನಕ್ಷತ್ರ ಗುರುತೋ ಇದ್ದರೆ ಅಲ್ಲೇ ನಿಲ್ಲಿಸಿ, ಮೇಲಿನ ಸಾಲು ಮತ್ತೆ ನೋಡಿ. ಇದನ್ನು ನೋಡದೆ ಮುಂದೆ ಹೋಗಬೇಡಿ. ನಾನು ಅವತ್ತು ರಾತ್ರಿ ನೋಡದೇ ಇದ್ದದ್ದು ಇದನ್ನೇ.

ಸರಿ ಇದ್ದರೆ ಕ್ಯಾಡಿಫೈಲಿನ ರೆಸ್ಪಾಂಡ್ ಸಾಲು ತೆಗೆದು ಅಲ್ಲಿ ಹೀಗೆ ಹಾಕಿ:

    ರಿವರ್ಸ್_ಪ್ರಾಕ್ಸಿ 127.0.0.1:7681

ನಡುವೆ ಅಂಡರ್‌ಸ್ಕೋರ್. ಹ್ಯಾಶ್-ಪಾಸ್‌ವರ್ಡಿಗೆ ಡ್ಯಾಶ್, ಇದಕ್ಕೆ ಅಂಡರ್‌ಸ್ಕೋರ್. ಯಾಕೆ ಅಂತ ಕೇಳಬೇಡಿ. ನನ್ನ ತಮ್ಮ ಕೇಳಿದ, ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾಡಿ ರಿಲೋಡ್ ಮಾಡಿ ಪುಟ ತೆರೆದರೆ ಕಪ್ಪು ಪರದೆಯಲ್ಲಿ ಲಾಗಿನ್ ಕೇಳುತ್ತದೆ.

ಇಲ್ಲಿ ಅವನು ಸಿಕ್ಕಿಹಾಕಿಕೊಂಡ. "ಅಣ್ಣಾ, ಹೆಸರು ಹಾಕ್ದೆ, ಪಾಸ್‌ವರ್ಡ್ ಹೊಡೀತಿದೀನಿ, ಏನೂ ಕಾಣ್ತಿಲ್ಲ." ಕಾಣುವುದಿಲ್ಲ ಕಣೋ, ಚುಕ್ಕೆ ಕೂಡ ಬರಲ್ಲ, ಹೊಡೆದು ಎಂಟರ್ ಒತ್ತು ಅಂದೆ. ಒತ್ತಿದ. ತಪ್ಪು ಅಂತು. ಮತ್ತೆ ಒತ್ತಿದ. ಮತ್ತೆ ತಪ್ಪು. ಆಮೇಲೆ ನನಗೆ ಹೊಳೆಯಿತು. ಬಾಡಿಗೆ ಸರ್ವರುಗಳಲ್ಲಿ ಬಳಕೆದಾರನಿಗೆ ಎಷ್ಟೋ ಸಲ ಪಾಸ್‌ವರ್ಡೇ ಇರುವುದಿಲ್ಲ, ಎಸ್‌ಎಸ್‌ಎಚ್ ಕೀ ಮಾತ್ರ ಇರುತ್ತದೆ. ಅವನು ಹೊಡೆಯುತ್ತಿದ್ದದ್ದು ಸರ್ವರ್ ಕಂಪನಿಯ ಖಾತೆಯ ಪಾಸ್‌ವರ್ಡ್! ಹಳೇ ಎಸ್‌ಎಸ್‌ಎಚ್ ವಿಂಡೋದಲ್ಲಿ ಹೊಸದು ಕೊಟ್ಟರೆ ಆಯಿತು:

ಸುಡೋ ಪಾಸ್‌ಡಬ್ಲ್ಯೂಡಿ ನಿಮ್ಮಹೆಸರು

ಪಾಸ್‌ವರ್ಡ್ ಕೊಟ್ಟ ಮೇಲೆ ಎಸ್‌ಎಸ್‌ಎಚ್ ಬಾಗಿಲಲ್ಲೂ ಅದು ನಡೆಯುವಂತಾಗಬಾರದು. ಸುಡೋ ಎಸ್‌ಎಸ್‌ಎಚ್‌ಡಿ -ಟಿ ಎಂದು ದೊಡ್ಡಕ್ಷರದ ಟಿ ಹಾಕಿ ಹೊಡೆದರೆ ಈಗಿನ ಸೆಟ್ಟಿಂಗ್‌ಗಳೆಲ್ಲ ಬರುತ್ತವೆ. ಅದರಲ್ಲಿ ಪಾಸ್‌ವರ್ಡ್‌ಅಥೆಂಟಿಕೇಶನ್ ಎದುರು "ನೋ" ಇರಲಿ.

4. ಮೂರನೇ ಬೀಗ: ಮೊಬೈಲಿನ ಕೋಡ್

ಬ್ರೌಸರ್ ಟರ್ಮಿನಲ್ ಇದ್ದ ಮೇಲೆ ಒಂದಲ್ಲ ಒಂದು ದಿನ ಕಂಡವರ ಕಂಪ್ಯೂಟರಿನಲ್ಲಿ ತೆರೆಯುವ ಆಸೆ ಬಂದೇ ಬರುತ್ತದೆ. ಆ ಕಂಪ್ಯೂಟರ್ ನಿಮ್ಮ ಕೀಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರೆ ಎರಡೂ ಪಾಸ್‌ವರ್ಡ್ ಹೋದವು. 30 ಸೆಕೆಂಡಿಗೊಮ್ಮೆ ಬದಲಾಗುವ ಮೊಬೈಲ್ ಕೋಡ್ ಇದ್ದರೆ ಕದ್ದ ಪಾಸ್‌ವರ್ಡಿನಿಂದ ನಾಳೆ ಒಳಗೆ ಬರಲು ಆಗುವುದಿಲ್ಲ. ಹಾಗಂತ ಸೈಬರ್ ಸೆಂಟರಿನಲ್ಲಿ ಕೂತು ಡೇಟಾಬೇಸ್ ಮುಟ್ಟುವುದು ಜಾಣತನವಲ್ಲ. ನೀವು ಒಳಗಿರುವಾಗಲೇ ಕಂಪ್ಯೂಟರ್ ಏನು ಬೇಕಾದರೂ ಮಾಡಬಹುದು.

ಸುಡೋ ಆಪ್ಟ್ ಇನ್‌ಸ್ಟಾಲ್ ಲಿಬ್‌ಪ್ಯಾಮ್-ಗೂಗಲ್-ಅಥೆಂಟಿಕೇಟರ್

ಆಮೇಲೆ ಸುಡೋ ಇಲ್ಲದೆ, ನಿಮ್ಮ ಹೆಸರಿನಲ್ಲೇ, ಗೂಗಲ್-ಅಥೆಂಟಿಕೇಟರ್ ಅಂತ ಹೊಡೆಯಿರಿ. ಕೇಳಿದ್ದಕ್ಕೆ ವೈ ಒತ್ತುತ್ತಾ ಹೋಗಿ. ಪರದೆಯಲ್ಲೇ ಕ್ಯುಆರ್ ಕೋಡ್ ಮೂಡುತ್ತದೆ, ಮೊಬೈಲಿನ ಅಥೆಂಟಿಕೇಟರ್ ಆಪ್‌ನಿಂದ ಸ್ಕ್ಯಾನ್ ಮಾಡಿ. ಕೆಳಗೆ ಐದು ತುರ್ತು ಕೋಡ್‌ಗಳು ಬರುತ್ತವೆ. ಅವನ್ನು ಕಾಗದದಲ್ಲಿ ಬರೆದಿಡಿ, ಮೊಬೈಲಿನಲ್ಲಿ ಬೇಡ.

ಇನ್ನು /ಇಟಿಸಿ/ಪ್ಯಾಮ್.ಡಿ/ಲಾಗಿನ್ ಫೈಲಿನಲ್ಲಿ ಕಾಮನ್-ಆತ್ ಎಂದಿರುವ ಸಾಲಿನ ಕೆಳಗೆ:

ಆತ್ ರಿಕ್ವೈರ್ಡ್ ಪ್ಯಾಮ್_ಗೂಗಲ್_ಅಥೆಂಟಿಕೇಟರ್.ಎಸ್‌ಓ

ತುರ್ತು ಕೋಡ್ ಬಗ್ಗೆ ಯಾಕೆ ಒತ್ತಿ ಹೇಳಿದೆ ಅಂದರೆ, ಸರ್ವರ್ ಕಂಪನಿ ತನ್ನ ಪುಟದಲ್ಲಿ ಕೊಡುವ ಆಪತ್ಕಾಲದ ಕನ್ಸೋಲ್ ಇರುತ್ತದಲ್ಲ, ಅದೂ ಇದೇ ಲಾಗಿನ್ ಫೈಲನ್ನೇ ಬಳಸುತ್ತದೆ. ಮೊಬೈಲ್ ಕಳೆದರೆ ಅಲ್ಲೂ ಕೋಡ್ ಕೇಳುತ್ತದೆ. ಇನ್ನೊಂದು, ಸರ್ವರಿನ ಗಡಿಯಾರ ತಪ್ಪಿದ್ದರೆ ಸರಿಯಾದ ಕೋಡನ್ನೂ ತಪ್ಪು ಅನ್ನುತ್ತದೆ. ಟೈಮ್‌ಡೇಟ್‌ಸಿಟಿಎಲ್ ಹೊಡೆದು ನೋಡಿ.

5. ಟ್ಯಾಬ್ ಮುಚ್ಚಿದರೂ ಕೆಲಸ ನಿಲ್ಲದಿರಲು

ಬ್ರೌಸರ್ ಟ್ಯಾಬ್ ಮುಚ್ಚಿದರೆ ಒಳಗೆ ಓಡುತ್ತಿದ್ದ ಕೆಲಸವೂ ಸಾಯುತ್ತದೆ. ಡೇಟಾಬೇಸ್ ಬ್ಯಾಕಪ್ ಅರ್ಧಕ್ಕೆ ನಿಂತರೆ ಗೋಳು. ಅದಕ್ಕೆ, ಟ್ಯಾಬ್ ಹೋದರೂ ಕೆಲಸವನ್ನು ಉಳಿಸುವ ಟಿಮಕ್ಸ್ ಹಾಕಿಕೊಳ್ಳಿ. ಲಾಗಿನ್ ಆದ ಕೂಡಲೇ ಮೊದಲ ಕೆಲಸ ಇದು:

ಟಿಮಕ್ಸ್ ನ್ಯೂ -ಎ -ಎಸ್ ಕೆಲಸ

ಎ ದೊಡ್ಡಕ್ಷರ, ಎಸ್ ಸಣ್ಣದು. "ಕೆಲಸ" ನಾನಿಟ್ಟ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ ಏನು ಬೇಕಾದರೂ ಇಡಿ. ಆ ಹೆಸರಿನ ಸೆಷನ್ ಇದ್ದರೆ ಅದಕ್ಕೇ ಸೇರಿಸುತ್ತದೆ, ಇಲ್ಲದಿದ್ದರೆ ಹೊಸದು ಮಾಡುತ್ತದೆ. ಕಾಲೇಜಿನಲ್ಲಿ ಬಿಟ್ಟದ್ದನ್ನು ಮನೆಗೆ ಹೋಗಿ ಎಸ್‌ಎಸ್‌ಎಚ್‌ನಲ್ಲಿ ಅದೇ ಸಾಲು ಹೊಡೆದು ಮುಂದುವರಿಸಬಹುದು.

ಬಳಸುವಾಗ ಕೈಗೆ ತೊಡರುವ ಒಂದೆರಡು ಸಂಗತಿ

ಕಂಟ್ರೋಲ್ ಡಬ್ಲ್ಯೂ. ಟರ್ಮಿನಲ್ಲಿನಲ್ಲಿ ಅದು ಒಂದು ಪದ ಅಳಿಸುತ್ತದೆ, ಬ್ರೌಸರಿನಲ್ಲಿ ಟ್ಯಾಬ್ ಮುಚ್ಚುತ್ತದೆ. ವರ್ಷಗಟ್ಟಲೆ ಬೆರಳಿಗೆ ಅಂಟಿದ ಚಾಳಿ, ತಪ್ಪಿಸಲು ಆಗುವುದಿಲ್ಲ. ಟಿಟಿವೈಡಿ ಪುಣ್ಯಕ್ಕೆ "ಹೋಗಬೇಕಾ?" ಅಂತ ಒಂದು ಸಲ ಕೇಳುತ್ತದೆ. ಪದ ಅಳಿಸಲು ಆಲ್ಟ್ ಮತ್ತು ಬ್ಯಾಕ್‌ಸ್ಪೇಸ್ ಅಭ್ಯಾಸ ಮಾಡಿಕೊಳ್ಳಿ. ಪೇಸ್ಟ್ ಮಾಡಲು ಶಿಫ್ಟ್ ಮತ್ತು ಇನ್ಸರ್ಟ್.

ಯಾರಾದರೂ ಬಾಗಿಲು ತಟ್ಟುತ್ತಿದ್ದಾರಾ ಅಂತ ನೋಡಲು ಲಾಗಿನ್ ದಾಖಲೆ ನೋಡಿ ಪ್ರಯೋಜನ ಜಾಸ್ತಿ ಇಲ್ಲ. ಲಾಗಿನ್‌ಗೆ ಎಲ್ಲರೂ ಸರ್ವರಿನ ಒಳಗಿನಿಂದಲೇ ಬಂದವರಂತೆ ಕಾಣುತ್ತಾರೆ. ಹೊರಗಿನ ಐಪಿ ಗೊತ್ತಿರುವುದು ಗೇಟಿನಲ್ಲಿರುವ ಕ್ಯಾಡಿಗೆ. ಕ್ಯಾಡಿಫೈಲಿನ ಆ ಬ್ಲಾಕಿನೊಳಗೆ ಲಾಗ್ ಅಂತ ಒಂದೇ ಪದ ಸೇರಿಸಿದರೆ ಬಂದುಹೋದವರನ್ನೆಲ್ಲ ಬರೆದಿಡುತ್ತದೆ. ಜರ್ನಲ್‌ಸಿಟಿಎಲ್ -ಯು ಕ್ಯಾಡಿ ಎಂದು ನೋಡಬಹುದು. 401 ಅಂತ ಕಂಡದ್ದೆಲ್ಲ ಗೇಟು ಆ ಸಲ ಒಳಗೆ ಬಿಡದ ಕೋರಿಕೆಗಳು; ಪಾಸ್‌ವರ್ಡ್ ಕೊಡುವ ಮುಂಚಿನ ನಿಮ್ಮದೂ ಅದರಲ್ಲಿ ಇರುತ್ತದೆ.

ಸರ್ವರ್ ಮನೆಯಲ್ಲೇ ಇದ್ದರೆ

ಮೂಲೆಯಲ್ಲಿರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಮೇಲಿನ ದಾರಿ ಎಷ್ಟೋ ಸಲ ನಡೆಯುವುದಿಲ್ಲ. ರೌಟರಿನ ಪುಟದಲ್ಲಿ ಹೊರಗಿನ ಐಪಿ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ನೂರಾರು ಮನೆಗಳ ಜೊತೆ ಒಂದೇ ಐಪಿ ಹಂಚಿಕೊಂಡಿದ್ದೀರಿ ಅಂತ ಅರ್ಥ. ಪೋರ್ಟ್ ಫಾರ್ವರ್ಡ್ ಮಾಡಿದರೂ ಪ್ರಯೋಜನವಿಲ್ಲ. ಅಲ್ಲಿ ಟೇಲ್‌ಸ್ಕೇಲ್ (ನಿಮ್ಮ ಸಾಧನಗಳನ್ನೆಲ್ಲ ಒಂದು ಖಾಸಗಿ ಜಾಲಕ್ಕೆ ಸೇರಿಸುವ ಪ್ರೋಗ್ರಾಮ್) ಹಾಕಿ, ಸುಡೋ ಟೇಲ್‌ಸ್ಕೇಲ್ ಸರ್ವ್ --ಬಿಜಿ 7681 ಅಂದರೆ ಗೇಟಿನ ಕೆಲಸವನ್ನು ಅದೇ ಮಾಡುತ್ತದೆ. ನಿಮ್ಮ ಖಾತೆಯ ಸಾಧನಗಳಿಗೆ ಮಾತ್ರ ಕಾಣುತ್ತದೆ. ಎದುರಿನ ಕಂಪ್ಯೂಟರಿನಲ್ಲೂ ಟೇಲ್‌ಸ್ಕೇಲ್ ಇರಬೇಕು ಎನ್ನುವುದೇ ಅದರ ಕೊರತೆ. ಅದು ಆಗುವಂತಿದ್ದರೆ, ನನ್ನ ಮಟ್ಟಿಗೆ, ಕ್ಯಾಡಿ ದಾರಿಗಿಂತ ಇದೇ ಮೇಲು.

ಬೇರೆ ಪ್ರೋಗ್ರಾಮ್‌ಗಳೂ ಇವೆ. ಕಾಕ್‌ಪಿಟ್‌ನಲ್ಲಿ ಟರ್ಮಿನಲ್ ಜೊತೆ ಡಿಸ್ಕ್, ಸರ್ವೀಸುಗಳೆಲ್ಲ ಒಂದೇ ಪುಟದಲ್ಲಿ ಕಾಣುತ್ತವೆ, ಪೋರ್ಟ್ 9090. ಹತ್ತಾರು ಯಂತ್ರ, ನಡುವೆ ವಿಂಡೋಸ್ ಕೂಡ ಇದ್ದರೆ ಅಪಾಚೆ ಗ್ವಾಕಮೋಲೆ. ಶೆಲ್ ಇನ್ ಎ ಬಾಕ್ಸ್ ಹಾಕಿ ಅಂತ ಹೇಳುವ ಹಳೇ ಲೇಖನಗಳು ಇನ್ನೂ ಸಿಗುತ್ತವೆ. ಅದರ 2.20 ಬಂದದ್ದು 2016ರಲ್ಲಿ. ಹೊಸದಾಗಿ ಶುರು ಮಾಡುವವರಿಗೆ ಬೇಡ.

ಎಲ್ಲ ಮುಗಿದ ಮೇಲೆ ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಒಮ್ಮೆ ತೆರೆದು ನೋಡಿ. ಹಾಗೇ ಬ್ರೌಸರಿನಲ್ಲಿ ಸರ್ವರಿನ ಐಪಿ ಆದಮೇಲೆ :7681 ಹಾಕಿಯೂ ನೋಡಿ. ಏನೂ ಬರಬಾರದು.

ಮಾರನೇ ದಿನ ಕಾಲೇಜಿನಿಂದ ತಮ್ಮನ ಫೋನ್. "ಅಣ್ಣಾ, ಒಳಗೆ ಹೋದೆ, ಆದ್ರೆ ಫೈಲೆಲ್ಲ ಹಾಳಾಗಿದೆ." ಪರದೆಯ ಫೋಟೊ ಕಳಿಸಿದ. ಹಾಳಾಗಿರಲಿಲ್ಲ. ಅವನು ಫೈಲುಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದ. ಟರ್ಮಿನಲ್ ಒಂದೊಂದು ಅಕ್ಷರವನ್ನೂ ಒಂದೇ ಅಳತೆಯ ಚೌಕದಲ್ಲಿ ಕೂರಿಸುತ್ತದೆ. ನಮ್ಮ ಒತ್ತಕ್ಷರ, ಕಾಗುಣಿತ ಆ ಚೌಕಕ್ಕೆ ಒಗ್ಗುವುದಿಲ್ಲ. "ರಾಶಿ ಧಾರಣೆ", "ಬೆಟ್ಟೆ ಧಾರಣೆ" ಅಂತಿದ್ದದ್ದು ಚೆಲ್ಲಾಪಿಲ್ಲಿಯಾಗಿ ಕಂಡಿತ್ತು. ಆ ಹೆಸರನ್ನು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ ನೋಡು ಅಂದೆ. ಸರಿಯಾಗಿಯೇ ಬಂತು. ಅಂಥ ಫೈಲುಗಳನ್ನು ಕೈಯಲ್ಲಿ ಟೈಪ್ ಮಾಡಲು ಹೋಗದೆ ಟ್ಯಾಬ್ ಕೀ ಒತ್ತಿ ತುಂಬಿಸಿಕೊಳ್ಳಿ, ಟರ್ಮಿನಲ್ ತಾನೇ ಸರಿಯಾದದ್ದನ್ನು ಹಾಕುತ್ತದೆ.